ಟೆಸ್ಟರ್ ಅಕ್ಕಯಮ್ಮ ರಕ್ತ ಕೊಟ್ಟದ್ದು

ಇಪ್ಪತ್ತೆರಡು ವರ್ಷ ಊರಿನವರ ಹಾಲನ್ನೆಲ್ಲ ಪರೀಕ್ಷೆ ಮಾಡಿದ ಹೆಂಗಸು, ತನ್ನ ರಕ್ತ ಎರಡು ಚಮಚ ಪರೀಕ್ಷೆಗೆ ಕೊಡು ಅಂದರೆ ಏಳು ತಿಂಗಳು ನಮ್ಮನ್ನೆಲ್ಲ ಅಲೆಸಿದಳು. ಅವಳು ನನ್ನ ನಾದಿನಿ ಅಕ್ಕಯಮ್ಮ, ನಮ್ಮ ಯಜಮಾನರ ಒಬ್ಬಳೇ ತಂಗಿ. ನಾನು ಮದುವೆಯಾಗಿ ತಾಯಲೂರಿನ ಆ ಮನೆಗೆ ಬಂದಾಗ ಅವಳಿಗೆ ಎಂಟು ವರ್ಷ. ಅವಳ ತಲೆಯ ಹೇನು ತೆಗೆದವಳು ನಾನು, ಜಡೆ ಹಾಕಿದವಳು ನಾನು, ಮಾಸ್ತಿ ಕಡೆಗೆ ಮದುವೆ ಮಾಡಿಕೊಟ್ಟಾಗ ಅಳುತ್ತಾ ಬಸ್ಸು ಹತ್ತಿಸಿದವಳೂ ನಾನೇ. ಇಷ್ಟೆಲ್ಲ ಮಾಡಿದ್ದರೂ, ಅವಳು ಒಂದು ಸಲ ಬೇಡ ಅಂದಳೆಂದರೆ ಅದನ್ನು ಹೌದು ಅನ್ನಿಸುವುದು ನನ್ನಿಂದ ಇವತ್ತಿಗೂ ಆಗುವ ಕೆಲಸವಲ್ಲ.

ಮಾಸ್ತಿ ಹತ್ತಿರದ ಅವರ ಊರಿನ ಡೈರಿಯಲ್ಲಿ ಅವಳು ಹಾಲಿನ ಟೆಸ್ಟರು. ಬೆಳಗ್ಗೆ ಆರಕ್ಕೊಂದು ಸಲ, ಸಂಜೆ ಐದಕ್ಕೊಂದು ಸಲ ಡೈರಿ ಬಾಗಿಲು ತೆಗೆಯುತ್ತಾರೆ. ಒಬ್ಬೊಬ್ಬರ ಹಾಲೂ ಒಂದು ಪುಟ್ಟ ಬಾಟಲಿಗೆ ಹೋಗುತ್ತದೆ. ಅಕ್ಕಯಮ್ಮ ಅದನ್ನು ಮಿಷಿನ್ನಿಗೆ ಇಟ್ಟು ಜಿಡ್ಡು ಎಷ್ಟು, ಹಾಲಿನ ಗಟ್ಟಿತನ ತೋರಿಸುವ ಡಿಗ್ರಿ ಎಷ್ಟು ಎಂದು ಕೂಗುತ್ತಾಳೆ. ಸರಿಯಿಲ್ಲದ ಹಾಲಿನ ಕ್ಯಾನನ್ನು ಮಾತಾಡದೆ ಎಡಗೈಯಿಂದ ಪಕ್ಕಕ್ಕೆ ತಳ್ಳುತ್ತಾಳೆ, ಅಷ್ಟೇ. ತನ್ನ ಗಂಡ ತಂದ ಹಾಲನ್ನೇ ಎರಡು ಸಲ ಹಾಗೆ ತಳ್ಳಿದ್ದಳು. ಪಾಪ, ಆ ಮನುಷ್ಯ ಬಾಯಿ ಮುಚ್ಚಿಕೊಂಡು ಕ್ಯಾನು ವಾಪಸ್ಸು ಹೊತ್ತುಕೊಂಡು ಹೋದ. ಒಮ್ಮೆ ಯಾರೋ ತಮಾಷೆಗೆ, "ಅಕ್ಕಯಮ್ಮಾ, ಬೇಸಿಗೆ ಅಲ್ವಾ, ನಮ್ಮ ಹಸು ನೀರು ಜಾಸ್ತಿ ಕುಡೀತದೆ" ಅಂದರು.

"ಹಸು ಕುಡಿದ್ರೆ ಹಾಲು ಬರ್ತದೆ. ನಿಮ್ಮನೇಲಿ ನೀರು ಕುಡಿದಿರೋದು ಕ್ಯಾನು. ಪಕ್ಕಕ್ಕೆ ಇಡು" ಅಂದಳು.

ನಾಲ್ಕು ವರ್ಷದ ಹಿಂದೆ ಇವಳಿಗೆ ಎಡಗಡೆ ಎದೆಯಲ್ಲಿ ಗಡ್ಡೆ ಬಂತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆ ಎದೆ ತೆಗೆದರು, ಕೂದಲು ಉದುರಿತು, ಮತ್ತೆ ಬಂತು. ಸರಕಾರದ ಕಾರ್ಡಿನಲ್ಲಿ ಬಹಳಷ್ಟು ಖರ್ಚು ಕಳೆಯಿತು. ತಲೆಗೆ ಟವಲು ಸುತ್ತಿಕೊಂಡು, ಬ್ಲೌಸಿನ ಒಂದು ಕಡೆ ಹತ್ತಿಬಟ್ಟೆ ತುಂಬಿಕೊಂಡು ಆರನೇ ತಿಂಗಳಿಗೆ ಡೈರಿಗೆ ಬಂದು ಕೂತಳು. ಆಗಲೇ ಅಲ್ಲಿನ ಡಾಕ್ಟರು, ಇದು ಮನೆತನದಲ್ಲಿ ಇಳಿದು ಬಂದ ಕಾಯಿಲೆಯೋ ಏನೋ ನೋಡಬೇಕು, ಜೀನ್ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟಿದ್ದರು. ಇವಳು ಆ ಚೀಟಿಯನ್ನು ಡೈರಿ ಪಾಸ್‌ಬುಕ್ಕಿನೊಳಗೆ ಮಡಿಸಿಟ್ಟು ಸುಮ್ಮನಾದಳು.

ಸುಮ್ಮನಿರಲು ಆಗದವಳು ಮಗಳು ಶಿರೀಷಾ. ಮದುವೆಯಾಗಿ ಹತ್ತು ವರ್ಷದ ಮೇಲೆ ಅಕ್ಕಯಮ್ಮನಿಗೆ ಹುಟ್ಟಿದ ಒಬ್ಬಳೇ ಮಗಳು. ಈಗ ಇಪ್ಪತ್ತೊಂಬತ್ತು. ವೇಮಗಲ್‌ನ ಫ್ಯಾಕ್ಟರಿಯಲ್ಲಿ ಅವಳಿಗೂ ಅವಳ ಗಂಡ ಚಂದ್ರಮೋಹನನಿಗೂ ಕೆಲಸ. ಕಳೆದ ವರ್ಷ ಅವಳ ಎದೆಯಲ್ಲಿ ಬಟಾಣಿಯಷ್ಟು ಒಂದು ಗಂಟು ಸಿಕ್ಕಿತು. ತೋರಿಸಿದರೆ ಅದು ಬರೀ ಕೊಬ್ಬಿನ ಗಂಟು. ಆದರೆ ಆ ಎಂಟು ದಿನ ಅವಳು ಪಟ್ಟ ಭಯ ಇಳಿಯಲೇ ಇಲ್ಲ. ಮಗು ಬೇಡ, ಮೊದಲು ನನಗೂ ಇದು ಬರುತ್ತದೋ ಇಲ್ಲವೋ ಗೊತ್ತಾಗಲಿ ಎಂದು ಹಟ ಹಿಡಿದಳು. ಹಟ ಎಲ್ಲಿಂದ ಬಂತು ಎಂದು ಹೇಳಬೇಕಾಗಿಲ್ಲ.

ಆಗ ನಾವೆಲ್ಲ ಸೇರಿ ಒಂದು ದಡ್ಡ ಕೆಲಸ ಮಾಡಿದೆವು. ಅಕ್ಕಯಮ್ಮ ಅಂದಳು: "ನಂಗೆ ಕಾಯಿಲೆ ಬಂದಾಗಿದೆ. ಬಂದವಳಿಗೆ ಪರೀಕ್ಷೆ ಯಾಕೆ? ದುಡ್ಡು ದಂಡ. ಮಾಡಿಸೋದಾದ್ರೆ ಮಗಳಿಗೆ ಮಾಡ್ಸಿ." ಎಷ್ಟು ಸರಿಯಾದ ಮಾತು ಅನ್ನಿಸಿತು ನಮಗೆ! ಎಲ್ಲರಿಗಿಂತ ಮುಂಚೆ ತಲೆಯಾಡಿಸಿದವಳು ನಾನು.

ನಾನೇ ಶಿರೀಷಾಳ ಜೊತೆ ಕೋಲಾರದ ಒಂದು ಲ್ಯಾಬಿಗೆ ಹೋದೆ. ಕೌಂಟರಿನಾತ ಸೀರೆ ಅಂಗಡಿಯವನ ಹಾಗೆ ಒಂದೊಂದೇ ಬಿಚ್ಚಿದ.

"ಎರಡು ಜೀನ್ ಮಾತ್ರ ನೋಡೋದಾದ್ರೆ ಹದಿನಾಲ್ಕು ಸಾವಿರ. ಇಪ್ಪತ್ತಾರು ಜೀನು ಒಟ್ಟಿಗೆ ನೋಡೋ ಪ್ಯಾನೆಲ್ಲು ಇಪ್ಪತ್ನಾಲ್ಕು. ಇನ್ನೂ ಪೂರ್ತಿ ಬೇಕು ಅಂದ್ರೆ ಎಕ್ಸೋಮ್ ಅಂತ ಇದೆ, ನಲವತ್ತರ ಮೇಲಾಗ್ತದೆ."

"ಸರಕಾರದ ಕಾರ್ಡು ನಡೀತದೇನಪ್ಪ?" ಅಂದೆ.

"ಇದಕ್ಕೆ ಇಲ್ಲಿ ನಡೆಯಲ್ಲ ಅಜ್ಜಿ."

"ಮೂರಕ್ಕೂ ಬೇರೆ ಬೇರೆ ರಕ್ತ ತಗೋತೀರಾ?"

"ಇಲ್ಲ, ಒಂದೇ ಟ್ಯೂಬು."

"ಮತ್ತೆ ರೇಟು ಯಾಕಪ್ಪ ಮೂರು ಥರ?"

"ರಕ್ತ ಒಂದೇ ಅಜ್ಜಿ, ಹುಡುಕೋ ಜಾಗ ಬೇರೆ."

ಶಿರೀಷಾ ಮಗುವಿನ ಖರ್ಚಿಗೆಂದು ಕಟ್ಟಿದ್ದ ಚೀಟಿ ದುಡ್ಡು ತಂದಿದ್ದಳು. ನಡುವಿನದ್ದನ್ನು ಮಾಡಿಸಿದಳು, ಇಪ್ಪತ್ತನಾಲ್ಕು ಸಾವಿರ. ಆತ ಆಧಾರ್ ಕೇಳಿದ, ಫೋನ್ ನಂಬರು ಕೇಳಿದ, ಬೆಳಗ್ಗೆ ತಿಂಡಿ ಏನು ತಿಂದಿರಿ ಅಂತಲೂ ಕೇಳಿದ. ಕಾಯಿಲೆ ಬಂದದ್ದು ಯಾರಿಗೆ ಎಂದು ಮಾತ್ರ ಕೇಳಲಿಲ್ಲ. ಆ ಒಂದು ಮಾತು ಕೇಳಿದ್ದರೆ ಇಷ್ಟು ಬರೆಯುವ ಕೆಲಸವೇ ನನಗಿರುತ್ತಿರಲಿಲ್ಲ.

ನಾಲ್ಕು ವಾರಕ್ಕೆ ಹನ್ನೊಂದು ಹಾಳೆಯ ರಿಪೋರ್ಟು ಬಂತು, ಎಲ್ಲ ಇಂಗ್ಲಿಷಿನಲ್ಲಿ. ಅದನ್ನು ಹಿಡಿದುಕೊಂಡು, ಅಕ್ಕಯಮ್ಮ ಚೆಕಪ್ಪಿಗೆ ಹೋಗುವ ದಿನವೇ ನಾವು ಮೂವರೂ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದೆವು. ಇಂಥ ರಿಪೋರ್ಟುಗಳನ್ನು ಬಿಡಿಸಿ ಹೇಳಲೆಂದೇ ಅಲ್ಲಿ ಒಬ್ಬಳು ಇದ್ದಾಳೆ, ಶ್ರೀವಾಣಿ ಎಂದು. ಒಳ್ಳೆಯ ಹುಡುಗಿ, ತಾಳ್ಮೆ ಇದೆ.

"ಒಂದು ಜೀನಲ್ಲಿ ಒಂದು ಬದಲಾವಣೆ ಕಾಣಿಸಿದೆ. ಆದ್ರೆ ಅದು ಕೆಟ್ಟದ್ದಾ, ಸುಮ್ನೆ ಇರೋ ಅಂಥದ್ದಾ ಅಂತ ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ" ಅಂದಳು.

ನನಗೆ ಮೈಯೆಲ್ಲ ಉರಿಯಿತು. "ಇಪ್ಪತ್ನಾಲ್ಕು ಸಾವಿರ ಇಸ್ಕೊಂಡು ಗೊತ್ತಿಲ್ಲ ಅಂತ ಬರೆದವ್ರಾ? ಗೊತ್ತಿಲ್ಲ ಅಂತ ನಾನು ಬಿಟ್ಟಿಯಾಗೇ ಹೇಳ್ತಿದ್ನಲ್ಲಮ್ಮ!"

ಅವಳು ನಕ್ಕು, "ಅಮ್ಮನ ರಿಪೋರ್ಟು ಎಲ್ಲಿ?" ಅಂದಳು. ಮಾಡಿಸಿಲ್ಲ ಅಂದೆವು. ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಕಾಯಿಲೆ ಬಂದವರನ್ನೇ ಮೊದ್ಲು ನೋಡ್ಬೇಕು. ಅವರಲ್ಲಿ ಏನು ಕೆಟ್ಟಿದೆ ಅಂತ ಸಿಕ್ಕಿದ್ರೆ, ಮನೇಲಿ ಉಳಿದವರಿಗೆ ಅದೊಂದು ಜಾಗ ನೋಡಿದ್ರೆ ಸಾಕು. ಅದಕ್ಕೆ ಮೂರೂವರೆ ಸಾವಿರ, ಅಷ್ಟೇ. ಅಮ್ಮನದ್ದು ಗೊತ್ತಿಲ್ದೆ ಮಗಳದ್ದು ನೋಡಿ, ಇವಳು ತಪ್ಪಿಸ್ಕೊಂಡಿದ್ದಾಳೆ ಅಂತ ನಾನು ಹೇಗೆ ಹೇಳ್ಲಿ?"

ಆಮೇಲೆ ಬಿಳಿ ಹಾಳೆ ತೆಗೆದು ಮನೆತನದ ಚಿತ್ರ ಬರೆಯತೊಡಗಿದಳು. ಹೆಂಗಸಿಗೆ ಸುತ್ತು, ಗಂಡಸಿಗೆ ಚೌಕ. ಅಕ್ಕಯಮ್ಮನ ತಾಯಿಗೆ ಏನಾಗಿತ್ತು ಎಂದು ಕೇಳಿದಳು.

"ಜ್ವರ ಬಂದು ಹೋದ್ರು" ಅಂದಳು ಅಕ್ಕಯಮ್ಮ.

ನನ್ನ ಅತ್ತೆ ಬಚ್ಚಮ್ಮ ಹೇಗೆ ಹೋದರೆಂದು ನನಗೆ ಗೊತ್ತಿಲ್ಲವೇ? ನಲವತ್ತಾರು ವರ್ಷವಾಯಿತು, ನಿನ್ನೆ ಆದ ಹಾಗಿದೆ. ಬಲಗಡೆ ಎದೆ ಹುಣ್ಣಾಗಿ ಒಡೆದು, ಮೂರು ತಿಂಗಳು ಒಳಕೋಣೆಯಿಂದ ಹೊರಗೆ ಬರಲಿಲ್ಲ. ಆ ಬಟ್ಟೆಗಳನ್ನು ಯಾರೂ ಎದ್ದಿರದ ಹೊತ್ತಿನಲ್ಲಿ ಕೆರೆಯ ತೂಬಿನ ಹತ್ತಿರ ಒಗೆದು ತಂದವಳು ನಾನು. ಊರಿಗೆ ಜ್ವರ ಎಂದು ಹೇಳಲು ಅವರೇ ನನ್ನ ಕೈ ಹಿಡಿದು ಕೇಳಿಕೊಂಡಿದ್ದರು. ಅಕ್ಕಯಮ್ಮನಿಗೆ ಆಗ ಹದಿನಾಲ್ಕು, ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ನೋಡಿದ್ದಳು. ಇದನ್ನೆಲ್ಲ ನಾನು ಶ್ರೀವಾಣಿಗೆ ಒಂದೂ ಬಿಡದೆ ಹೇಳುತ್ತಿದ್ದರೆ ಈ ಮಹಾತಾಯಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಕಾಲು ಎಳೆದುಕೊಂಡು ಹೇಳುವುದನ್ನು ಹೇಳಿಯೇ ಮುಗಿಸಿದೆ. ಶ್ರೀವಾಣಿ ಕೇಳುತ್ತ ಕೇಳುತ್ತಲೇ ಒಂದು ಚೌಕ ಬರೆದು ಅದರ ಕೆಳಗೆ ಗೆರೆ ಎಳೆಯುತ್ತಿದ್ದಳು. ಅದು ಏನೆಂದು ನಾನು ಕೇಳಲಿಲ್ಲ.

ಕೊನೆಗೆ ಅವಳು, "ಅಕ್ಕಯಮ್ಮನವರೇ, ಇವತ್ತೇ ರಕ್ತ ಕೊಟ್ಟು ಹೋಗ್ತೀರಾ?" ಅಂದಳು.

"ಇವತ್ತು ಬೇಡ. ಡೈರಿಗೆ ಹೊತ್ತಾಯ್ತು" ಎಂದು ಎದ್ದಳು.

ಅಲ್ಲಿಂದ ಶುರುವಾಯಿತು ನೋಡಿ. ಮೊದಲು ಡೈರಿಯಲ್ಲಿ ಆಡಿಟ್ ಇದೆ ಅಂದಳು. ಆಮೇಲೆ ಆಷಾಢ ಅಂದಳು. ರಕ್ತ ಕೊಡುವುದಕ್ಕೂ ಆಷಾಢಕ್ಕೂ ಏನು ಸಂಬಂಧವೋ ಆ ದೇವರೇ ಹೇಳಬೇಕು. ಆಪರೇಷನ್ ಆದ ಕಡೆ ಎಡಗೈಯಲ್ಲಿ ಸೂಜಿ ಚುಚ್ಚುವ ಹಾಗಿಲ್ಲ, ಬಲಗೈ ಮಿಷಿನ್ನಿಗೆ ಬೇಕು ಅಂದಳು. ಲ್ಯಾಬಿನವರು ಮನೆಗೇ ಬರುತ್ತಾರೆ ಎಂದು ಚಂದ್ರಮೋಹನ ಏರ್ಪಾಡು ಮಾಡಿದರೆ, ಅವರು ಬರುವ ಹೊತ್ತಿಗೆ ಮೇವು ತರಲು ಹೋಗಿದ್ದಳು. ಅವರು ಬಂದು ಹೋದ ಖರ್ಚೆಂದು ಮುನ್ನೂರು ರೂಪಾಯಿ ಬೇರೆ ಕಟ್ಟಬೇಕಾಯಿತು. ನಾನು ತಾಯಲೂರಿನಿಂದ ಫೋನು ಮಾಡಿ ಬೈದರೆ, "ಸಿಗ್ನಲ್ ಇಲ್ಲ ಅತ್ತಿಗೆ" ಎಂದು ಅಷ್ಟೂ ಸ್ಪಷ್ಟವಾಗಿ ಹೇಳಿ ಇಟ್ಟುಬಿಡುತ್ತಿದ್ದಳು.

ಏಳನೇ ತಿಂಗಳು ಶಿರೀಷಾಳ ಫೋನು ಬಂತು. ದನಿ ತಣ್ಣಗಿತ್ತು, ಅದೇ ನನಗೆ ಹೆದರಿಕೆಯಾಯಿತು.

"ಅತ್ತೇ, ನಾನು ಎರಡೂ ಕಡೆ ತೆಗೆಸಿಬಿಡ್ತೀನಿ. ಒಂದು ಪ್ರೈವೇಟ್ ಆಸ್ಪತ್ರೇಲಿ ಮಾಡ್ತೀವಿ ಅಂದ್ರು. ಮುಂದಿನ ತಿಂಗಳು."

"ಏನೇ ಹುಚ್ಚಿ, ಏನೂ ಇಲ್ದಲೇ? ಶ್ರೀವಾಣಿ ಏನಂದ್ಳು?"

"ಈ ರಿಪೋರ್ಟ್ ನೋಡ್ಕೊಂಡು ಮಾಡಿಸ್ಬೇಡಿ ಅಂದ್ರು. ಅಮ್ಮ ರಕ್ತ ಕೊಡ್ಲಿ, ಆಮೇಲೆ ಯೋಚ್ನೆ ಮಾಡೋಣ ಅಂದ್ರು. ಅಮ್ಮ ಕೊಡಲ್ಲ. ಇನ್ನೆಷ್ಟು ದಿನ ಕಾಯ್ಲಿ? ಅಮ್ಮಂಗೆ ನಾನು ಬೇಡ್ವಾ ಅತ್ತೇ?"

ಮಾರನೆಯ ದಿನ ಹೊರಟೆ. ತಾಯಲೂರಿನಿಂದ ಮುಳಬಾಗಿಲು, ಅಲ್ಲಿಂದ ಕೋಲಾರ, ಕೋಲಾರದಿಂದ ಮಾಲೂರು, ಮಾಲೂರಿನಿಂದ ಮಾಸ್ತಿ. ಎಪ್ಪತ್ತು ವರ್ಷದ ಮಂಡಿಯಲ್ಲಿ ನಾಲ್ಕು ಬಸ್ಸು ಹತ್ತಿ ನಾಲ್ಕು ಬಸ್ಸು ಇಳಿದೆ. ಒಂದೊಂದು ಮೆಟ್ಟಿಲಿಗೂ ಅವಳನ್ನು ಬೈದುಕೊಂಡೆ. ಡೈರಿ ಮುಟ್ಟಿದಾಗ ಸಂಜೆಯ ಹಾಲು ನಡೆಯುತ್ತಿತ್ತು. ಕಡೆಯ ಕ್ಯಾನು ಹೋಗುವವರೆಗೆ ಕಲ್ಲಿನ ಮೇಲೆ ಕೂತಿದ್ದೆ. ಕಾರ್ಯದರ್ಶಿ ಲೆಕ್ಕ ಮುಗಿಸಿ ಹೋದ ಮೇಲೆ ಅವಳು ಬಾಟಲಿ ತೊಳೆಯತೊಡಗಿದಳು.

"ಯಾವಾಗ ಬಂದೆ ಅತ್ತಿಗೆ?" ಏನೂ ಆಗದವಳ ಹಾಗೆ ಕೇಳಿದಳು.

"ನಿನ್ನ ಮಗಳು ಎರಡೂ ಕೊಯ್ಸ್ಕೋತೀನಿ ಅಂತಾಳೆ, ಗೊತ್ತಾ?"

"ಗೊತ್ತು."

"ಗೊತ್ತಿದ್ದೂ ಬಾಟ್ಲಿ ತೊಳೀತಾ ಕೂತಿದ್ದೀಯಲ್ಲೇ! ಆ ಶ್ರೀವಾಣಿ ಅಷ್ಟು ಬಿಡಿಸಿ ಹೇಳಿದ್ಳು, ನಿಂಗೆ ಅರ್ಥ ಆಗ್ಲಿಲ್ವಾ? ನಾನು ಇನ್ನೊಂದ್ಸಲ ಹೇಳ್ತೀನಿ ಕೇಳು, ಮೊದ್ಲು ಕಾಯಿಲೆ ಬಂದವರದ್ದು..."

"ಚಾಲಮ್ಮಾ ಚಾಲು." ಸಿಟ್ಟು ಬಂದರೆ 'ಸಾಕು' ಅನ್ನುವುದೂ ಅವಳ ಬಾಯಲ್ಲಿ ತೆಲುಗಾಗುತ್ತದೆ. "ನಂಗೆ ಅರ್ಥ ಆಗಿಲ್ಲ ಅಂತ ಯಾರು ಹೇಳಿದ್ದು? ನಾನು ಮಾಡೋ ಕೆಲಸಾನೇ ಅದು. ಸಕ್ಕರೆ ಕ್ಯಾನು ಮರೆತುಬಿಟ್ಯಾ?"

ನಾನೆಲ್ಲಿ ಮರೆಯುತ್ತೇನೆ? ಎಂಟು ವರ್ಷದ ಹಿಂದಿನ ಮಾತು. ಇವರ ಡೈರಿಯ ಹಾಲು ಕಲಬೆರಕೆ ಎಂದು ಮೇಲಿನಿಂದ ಕ್ಯಾನು ವಾಪಸ್ಸು ಬಂತು. ನೂರಹತ್ತು ಮನೆಯ ಹಾಲಿಗೂ ಇರುವ ಎಲ್ಲ ಪರೀಕ್ಷೆ ಮಾಡೋಣ ಎಂದು ಕಾರ್ಯದರ್ಶಿ ಹೊರಟ. ಅಷ್ಟಕ್ಕೆ ಔಷಧಿಯೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಆಗ ಅಕ್ಕಯಮ್ಮ ಕೆಟ್ಟ ಕ್ಯಾನನ್ನೇ ಮೊದಲು ಕೂತು ನೋಡಿದಳು. ಉಪ್ಪಲ್ಲ, ಸೋಡಾ ಅಲ್ಲ, ಯೂರಿಯಾ ಅಲ್ಲ. ಸಕ್ಕರೆ ಪತ್ತೆ ಮಾಡುವ ಔಷಧಿ ಹಾಕಿ ಬಿಸಿ ಮಾಡಿದಾಗ ಕೆಂಪಾಯಿತು. ನೀರು ಬೆರೆಸಿ, ಡಿಗ್ರಿ ಏರಲೆಂದು ಯಾರೋ ಸಕ್ಕರೆ ಹಾಕಿದ್ದರು. ಮಾರನೆಯ ದಿನ ಮನೆಮನೆಯ ಬಾಟಲಿಗೂ ಸಕ್ಕರೆಯ ಪರೀಕ್ಷೆ ಒಂದೇ. ಹತ್ತೊಂಬತ್ತನೇ ಬಾಟಲಿ ಕೆಂಪಾಯಿತು, ಅಂಜಮ್ಮನ ಮನೆಯದ್ದು.

"ಅಂಜಮ್ಮ ಏನಾದ್ಳು ಅದೂ ನೆನಪಿದೆಯಾ?" ಅಂದಳು ಅಕ್ಕಯಮ್ಮ. "ಹಸು ಮಾರಿದ್ಳು. ಮಗಳಿಗೆ ಗೊತ್ತಾಗಿದ್ದ ಗಂಡು ಹಿಂದೆ ಸರಿದ. ಇವತ್ತಿಗೂ ನನ್ನ ಕಂಡ್ರೆ ಆ ಕಡೆ ರಸ್ತೆಗೆ ಹೋಗ್ತಾಳೆ. ಕೆಟ್ಟ ಕ್ಯಾನಲ್ಲಿ ಏನಿದೆ ಅಂತ ಸಿಗೋವರೆಗೂ ಎಲ್ಲರೂ ಒಳ್ಳೆಯವರೇ ಅತ್ತಿಗೆ. ಸಿಕ್ಕಿದ್ಮೇಲೆ ಮನೆ ಮನೆ ಬಾಗಿಲಿಗೂ ಹೋಗ್ಬೇಕು. ಮೊದ್ಲನೇ ಬಾಗಿಲು ನಿಂದು."

"ನಮ್ದು ಯಾಕೇ? ಇದು ಹೆಂಗಸರ ಕಾಯಿಲೆ. ನಿಮ್ಮಮ್ಮಂದು ನಿಂಗೆ, ನಿಂದು ನಿನ್ನ ಮಗಳಿಗೆ. ಮಧ್ಯ ನಾನೆಲ್ಲಿ ಬಂದೆ?"

"ಅಣ್ಣ ಯಾರ ಹೊಟ್ಟೇಲಿ ಹುಟ್ಟಿದ್ದು?"

ಅವಳು ಕೈಲಿದ್ದ ಬಾಟಲಿ ಕೆಳಗಿಟ್ಟಳು.

"ಆವತ್ತು ಆ ಹುಡುಗಿ ಅಣ್ಣನ ಚೌಕ ಬರೆದು ಕೆಳಗೆ ಗೆರೆ ಎಳೆದ್ಳು. ಗಂಡಸರಿಗೆ ಏನೂ ಆಗ್ದೇ ಇದ್ರೂ ಮಕ್ಕಳಿಗೆ ಇಳೀಬಹುದಂತೆ. ನೀನು ನಮ್ಮಮ್ಮನ ಬಟ್ಟೆ ಒಗೆದ ಕತೆ ಹೇಳೋದ್ರಲ್ಲೇ ಇದ್ದೆ. ನಿನ್ನ ಕಾಲು ತುಳಿದೆ, ಎಳ್ಕೊಂಡೆ. ಗೆರೆ ಕೆಳಗೆ ಇರೋದು ಆಶಾ. ಆಶಾ ಮಗಳಿಗೆ ಸಂಬಂಧ ಬರ್ತಾ ಇದೆ ಅಂತ ನೀನೇ ಅಲ್ವಾ ಹೇಳಿದ್ದು?"

ಆಶಾರಾಣಿ ನನ್ನ ಮಗಳು, ಶ್ರೀನಿವಾಸಪುರದಲ್ಲಿದ್ದಾಳೆ. ಅಲ್ಲಿಯವರೆಗೆ ಬೇರೆಯವರ ಮನೆಯ ಕಾಯಿಲೆ ಎಂದುಕೊಂಡು ಎಷ್ಟು ಧೈರ್ಯವಾಗಿ ಬುದ್ಧಿ ಹೇಳಿಕೊಂಡು ಓಡಾಡಿದ್ದೆ ನಾನು! ಏಳು ತಿಂಗಳು ಈ ಹೆಂಗಸು ನನ್ನ ಬೈಗುಳ ತಿಂದುಕೊಂಡು ಕಾದದ್ದು ನನ್ನ ಬಾಗಿಲನ್ನು. ಕಣ್ಣಲ್ಲಿ ನೀರು ಬರಬೇಕಿತ್ತು. ಬಂದದ್ದು ಸಿಟ್ಟು.

"ಅಂಜಮ್ಮ ಸಕ್ಕರೆ ಹಾಕಿದ್ದು ತನ್ನ ಕೈಯಾರೆ" ಅಂದೆ. "ಇದನ್ನ ಯಾರು ಹಾಕಿದ್ರು? ನಿಮ್ಮಮ್ಮ ಹಾಕಿದ್ಳಾ? ನೀನು ಹಾಕಿದ್ಯಾ?"

ಅವಳು ಇನ್ನೊಂದು ಬಾಟಲಿ ಎತ್ತಿಕೊಂಡಳು.

"ನಿಮ್ಮಮ್ಮ ಜ್ವರ ಅಂದ್ಳು, ನಾನೂ ಜ್ವರ ಅಂದೆ. ಊರಿಗೆ ಮುಚ್ಚಿಟ್ವಿ ಸರಿ, ನಿಂಗೂ ಬಂತಲ್ಲ? ಮುಚ್ಚಿಟ್ಟಿದ್ದಕ್ಕೆ ಬರೋದು ನಿಲ್ತಾ? ನನ್ನ ಮಗಳನ್ನ ಉಳಿಸೋಕೆ ನಿನ್ನ ಮಗಳ ಮೈ ಕೊಯ್ಸ್ತೀಯಾ? ಇಂಥ ಉಪಕಾರ ನಂಗೆ ಬೇಡ ಕಣೇ. ನನ್ನ ಮಗಳಿಗೂ ಬರೋ ಹಾಗಿದ್ರೆ ಅದನ್ನ ಮೊದ್ಲು ನಂಗೆ ಹೇಳ್ಬೇಕಾದವಳು ನೀನು!"

ಅವಳು ಇನ್ನೂ ನಾಲ್ಕು ಬಾಟಲಿ ತೊಳೆದು ಬೋರಲು ಹಾಕಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಬೆಳಗ್ಗೆ ಹಾಲು ಮುಗಿಸ್ಕೊಂಡು ಹೋಗೋಣ. ಬಲಗೈಲೇ ತೆಗೀಲಿ. ಸಂಜೆ ಮಿಷಿನ್ನು ಎಡಗೈಲಿ ನೋಡ್ಕೋತೀನಿ" ಅಂದಳು. ಏಳು ತಿಂಗಳ ಹಟ ಅಷ್ಟಕ್ಕೇ ಮುಗಿಯಿತು.

ಅವಳ ಪರೀಕ್ಷೆಗೆ ಇಪ್ಪತ್ತೆರಡು ಸಾವಿರವಾಯಿತು, ಡೈರಿಯಿಂದ ಬಂದಿದ್ದ ಬೋನಸ್ಸಿಗೆ ಇನ್ನಷ್ಟು ಸೇರಿಸಿ ಕಟ್ಟಿದಳು. ರಿಪೋರ್ಟು ಬಂದ ದಿನ ಮತ್ತೆ ಮೂವರೂ ಶ್ರೀವಾಣಿಯ ಮುಂದೆ ಕೂತೆವು. ಅವಳು ಎರಡು ರಿಪೋರ್ಟನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡಿದಳು.

"ಅಮ್ಮನಲ್ಲಿ ಒಂದು ಜಾಗ ಖಂಡಿತ ಕೆಟ್ಟಿದೆ. ಕಾಯಿಲೆ ಅದರಿಂದಲೇ ಬಂದಿರೋದು. ಶಿರೀಷಾ, ಅದೇ ಜಾಗ ನಿಮ್ಮಲ್ಲಿ ಚೆನ್ನಾಗಿದೆ. ನಿಮಗೆ ಅದು ಇಳಿದಿಲ್ಲ. ನಿಮ್ಮ ರಿಪೋರ್ಟಲ್ಲಿ ಗೊತ್ತಿಲ್ಲ ಅಂತ ಬಂದಿತ್ತಲ್ಲ, ಅದು ಅಮ್ಮನಲ್ಲಿ ಇಲ್ಲವೇ ಇಲ್ಲ. ಅದನ್ನ ಇಟ್ಕೊಂಡು ಏನೂ ತೆಗೆಸೋ ಹಾಗಿಲ್ಲ. ಎಲ್ಲ ಹೆಂಗಸರ ಹಾಗೆ ನೀವೂ ಚೆಕಪ್ ಮಾಡಿಸ್ಕೊಂಡಿದ್ರೆ ಸಾಕು."

ಶಿರೀಷಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಆಸ್ಪತ್ರೆ ಅಂತಲೂ ನೋಡದೆ ಅತ್ತಳು. ಅಕ್ಕಯಮ್ಮ ಒಂದು ಕೈಯಲ್ಲಿ ಅವಳ ಬೆನ್ನು ತಟ್ಟುತ್ತಾ ಇನ್ನೊಂದು ಕೈಯಲ್ಲಿ ತನ್ನ ರಿಪೋರ್ಟನ್ನು ಎಳೆದುಕೊಂಡು, "ಆ ಕೆಟ್ಟಿರೋ ಜಾಗ ಯಾವ ಸಾಲಲ್ಲಿ ಬರೆದಿದೆ, ತೋರ್ಸಮ್ಮ" ಅಂದಳು.

ಮಾಸ್ತಿಗೆ ಹೋದವಳೇ ಆ ಹಾಳೆಯನ್ನು ಆರು ಜೆರಾಕ್ಸ್ ಮಾಡಿಸಿ, ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದಳು. ತಾನೇ ಶ್ರೀನಿವಾಸಪುರಕ್ಕೆ ಹೋಗಿ ಆಶಾರಾಣಿಯ ಕೈಗೆ ಒಂದು ಕೊಟ್ಟಳು. "ಲ್ಯಾಬಿಗೆ ಹೋದ್ರೆ ಇದನ್ನ ತೋರ್ಸು. ಇದೊಂದೇ ನೋಡಿ ಅನ್ನು. ಈ ಹಾಳೆ ಇದ್ರೆ ಮೂರೂವರೆ ಸಾವಿರ, ಇಲ್ದಿದ್ರೆ ಇಪ್ಪತ್ನಾಲ್ಕು" ಎಂದು ಮೂರು ಸಲ ಹೇಳಿದಳಂತೆ. ಆಶಾರಾಣಿಯ ಅತ್ತೆ ಅಲ್ಲೇ ಕೂತಿದ್ದರಂತೆ. ಇವಳು ದನಿ ತಗ್ಗಿಸಲಿಲ್ಲವಂತೆ.

ಹೋದ ಸೋಮವಾರ ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ನಾನು ಕಾದಿದ್ದೆ. ಆಶಾರಾಣಿ ಹೊಸ ಸೀರೆ ಉಟ್ಟುಕೊಂಡು, ನೀರಿನ ಬಾಟಲಿ, ಛತ್ರಿ, ಎರಡು ಡಜನ್ ಬಾಳೆಹಣ್ಣು ಹಿಡಿದುಕೊಂಡು ಇಳಿದಳು.

"ಹಾಳೆ ತಂದ್ಯೇನೇ?" ಅಂದೆ.

ನಿಂತ ಕಾಲಿನಲ್ಲೇ ಮುಖ ಬಾಡಿತು. "ಅಯ್ಯೋ ಅಮ್ಮಾ, ಮರೀಬಾರ್ದು ಅಂತ ಟಿವಿ ಮುಂದೇನೇ ಇಟ್ಟಿದ್ದೆ..."

ನನ್ನ ಚೀಲದಲ್ಲಿ ಇನ್ನೊಂದು ಜೆರಾಕ್ಸು ಇತ್ತು. ಹೊರಡುವಾಗ ಅಕ್ಕಯಮ್ಮ ಫೋನು ಮಾಡಿ, ಅವಳು ಮರೆಯುತ್ತಾಳೆ, ನಿನ್ನದು ಇಟ್ಟುಕೋ ಅಂದಿದ್ದಳು. ಬೈದುಕೊಂಡೇ ತೆಗೆದುಕೊಟ್ಟೆ. ರಕ್ತ ಕೊಟ್ಟಾಯಿತು. ಮೂರು ವಾರ ಅಂದಿದ್ದಾರೆ. ಅಕ್ಕಯಮ್ಮ ಬೆಳಗಿನ ಹಾಲು ಮುಗಿದ ಮೇಲೊಂದು ಸಲ, ಸಂಜೆಯ ಹಾಲು ಮುಗಿದ ಮೇಲೊಂದು ಸಲ ಫೋನು ಮಾಡಿ ಬಂತಾ ಬಂತಾ ಎಂದು ಕೇಳುತ್ತಾಳೆ. ನಮ್ಮನ್ನು ಏಳು ತಿಂಗಳು ಕಾಯಿಸಿದವಳಿಗೆ ಮೂರು ವಾರ ಕಾಯಲು ಆಗುವುದಿಲ್ಲವಂತೆ.